ಬ್ಯಾಟರಿ ಗುಡಿಯೊಳಗೆ, ಎಂಜಿನ್ ಹೊರಗೆ

ಶಾಸನ ಓದುವುದನ್ನು ಕಲಿಸುವ ಪುಸ್ತಕಗಳಲ್ಲಿ ಕಾರಿನ ಪ್ರಸ್ತಾಪವಿರುವುದಿಲ್ಲ. ಲಿಪಿಯ ಬೆಳವಣಿಗೆ, ಶಕವರ್ಷದ ಗಣನೆ, ತಿಥಿವಾರಗಳ ಹೊಂದಾಣಿಕೆ, ದತ್ತಿಭೂಮಿಯ ಎಲ್ಲೆ ಎಲ್ಲವೂ ಇರುತ್ತವೆ. ಆದರೆ ಕ್ಷೇತ್ರಕಾರ್ಯಕ್ಕೆ ಹೊರಟ ಸಂಶೋಧಕ ತನ್ನ ದಿನದ ದೊಡ್ಡ ಪಾಲನ್ನು ಕಾರಿನೊಳಗೆ, ಇಲ್ಲವೇ ಕೆಟ್ಟುನಿಂತ ಕಾರಿನ ಪಕ್ಕದಲ್ಲಿ ಕಳೆಯುತ್ತಾನೆಂಬುದನ್ನು ಯಾರೂ ಬರೆದಿಟ್ಟಿಲ್ಲ. ಈ ವೃತ್ತಿಗೆ ಹೊಸದಾಗಿ ಸೇರಿದ ತರುಣರು ಮನೆಗೆ ಬಂದು ಅನುಭವ ಹೇಳಿ ಎಂದಾಗ ನನಗೆ ಮೊದಲು ನೆನಪಾಗುವುದು ಯಾವ ಅರಸನ ಶಾಸನವೂ ಅಲ್ಲ. ನಮ್ಮ ಸಂಸ್ಥೆಯ ಬಿಳಿ ಡೀಸೆಲ್ ಕಾರು, ಅದರಲ್ಲಿ ಮೇಲಿಂದ ಮೇಲೆ ಸುಟ್ಟುಹೋಗುತ್ತಿದ್ದ ಅಲ್ಟರ್ನೇಟರ್, ಮತ್ತು ಆ ಕಾರಣಕ್ಕೆ ಕೆಲಸವನ್ನೂ ಹೆಸರನ್ನೂ ಕಳೆದುಕೊಳ್ಳುವ ಅಂಚಿಗೆ ಬಂದಿದ್ದ ಚಾಲಕ ಮಕ್ತುಂಸಾಬರು.

ಕಾಲನಿರ್ದೇಶದ ಬಗ್ಗೆ ಒಂದು ಮಾತು. ಎರಡು ಸ್ವತಂತ್ರ ಸಾಕ್ಷ್ಯಗಳಿಲ್ಲದ ಇಸವಿಯನ್ನು ಬರೆಯಬಾರದೆಂಬುದು ನಾನು ಕಲಿತ ಮೊದಲ ಪಾಠ. ಈ ಬರೆಹಕ್ಕೆ ಲಿಖಿತ ಆಧಾರಗಳಿಲ್ಲ. ನನ್ನ ನೆನಪೊಂದು, ಮಕ್ತುಂಸಾಬರ ನೆನಪೊಂದು. ಎರಡೂ ಕೂಡಿದ ಕಡೆ ಋತುವನ್ನು ಹೇಳಿದ್ದೇನೆ. ಕೂಡದ ಕಡೆ ಕೂಡಲಿಲ್ಲವೆಂದೇ ಹೇಳಿದ್ದೇನೆ. ಇಸವಿಯನ್ನು ಬಿಟ್ಟಿದ್ದೇನೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಸೀಮೆಗಳ ಶಾಸನಗಳನ್ನು ಮತ್ತೊಮ್ಮೆ ಪರಿಶೀಲಿಸಿ ಒಂದು ಸಂಪುಟವಾಗಿ ತರುವುದು ನಮಗೆ ವಹಿಸಿದ ಕೆಲಸ. ಕಿತ್ತೂರು ಆಗ ಇನ್ನೂ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ, ಬೈಲಹೊಂಗಲದಲ್ಲಿಯೇ ಸೇರಿತ್ತು. ಧಾರವಾಡದಿಂದ ದಿನವೂ ಓಡಾಡುವುದು ಆಗದ ಮಾತಾದ್ದರಿಂದ ಬೈಲಹೊಂಗಲದಲ್ಲಿ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದೆವು. ಯೋಜನೆಯ ಮುಖ್ಯಸ್ಥರು ಡಾ. ಹಂಚಿನಾಳ ಸರ್. ಅವರ ಕೈಕೆಳಗಿನ ಸಂಶೋಧನ ಸಹಾಯಕ ನಾನು. ಮಕ್ತುಂಸಾಬರು ಬೈಲಹೊಂಗಲದವರೇ. ಸಂಸ್ಥೆಯಲ್ಲಿ ಅವರದು ಹಂಗಾಮಿ ನೌಕರಿ; ಈ ಯೋಜನೆ ಮುಗಿಯುವುದರೊಳಗೆ ಖಾಯಂ ಆಗಬಹುದೆಂಬ ಭರವಸೆಯಿಂದ ದುಡಿಯುತ್ತಿದ್ದರು.

ಹಂಚಿನಾಳ ಸರ್ ಅವರ ಬಗ್ಗೆ ಬರೆಯುವಾಗ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮಾತು ಕಡಿಮೆ, ಕೋಪ ಹೆಚ್ಚು, ಓದು ಅಪಾರ. ಕಾರಿನ ಮುಂದಿನ ಸೀಟು ಅವರದು. ಅವರಿಲ್ಲದ ದಿನವೂ ಅಲ್ಲಿ ನಾವು ಯಾರೂ ಕೂರುತ್ತಿರಲಿಲ್ಲ. ಒಮ್ಮೆ ಅವರೇ ಓದಿ ಪತ್ರಿಕೆಯೊಂದರಲ್ಲಿ ಅಚ್ಚುಹಾಕಿಸಿದ್ದ ಶಾಸನದಲ್ಲಿ ಸಂವತ್ಸರದ ಹೆಸರು ತಪ್ಪಿದೆಯೆಂದು ಅವರಿಗೇ ತಿಳಿಯಿತು. ಯಾರೂ ಕಂಡುಹಿಡಿದಿರಲಿಲ್ಲ, ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಅದೇ ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದರು. ಮುಂದಿನ ಪುಸ್ತಕದ ಅಡಿಟಿಪ್ಪಣಿಯಲ್ಲಿ ಸರಿಪಡಿಸಿದರೆ ಸಾಲದೇ ಎಂದು ನಾನು ಕೇಳಿದೆ.

“ತಪ್ಪು ಎಲ್ಲಿ ಅಚ್ಚಾಗೇತಿ, ತಿದ್ದುಪಡಿ ಅಲ್ಲೇ ಅಚ್ಚಾಗಬೇಕು,” ಎಂದರು. “ಆ ಪತ್ರಿಕೆ ಓದಿದಾಂವ ನಿನ್ನ ಪುಸ್ತಕ ಓದ್ತಾನಂತ ಏನ್ ಖಾತ್ರಿ?”

ಈ ಮಾತನ್ನು ಇಲ್ಲಿಯೇ ನೆನಪಿಟ್ಟುಕೊಂಡು ಮುಂದಕ್ಕೆ ಹೋಗೋಣ.

ಇಂದಿನವರಿಗೆ ನಮ್ಮ ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಗಟ್ಟಿ ಬ್ರಶ್ಶಿನಿಂದ ತಟ್ಟಿ ಕಾಗದವನ್ನು ಅಕ್ಷರಗಳ ಕುಳಿಯೊಳಕ್ಕೆ ಇಳಿಸಿ, ಅದು ಅರ್ಧ ಒಣಗಿದಾಗ ಮಸಿ ಮೆತ್ತಿದರೆ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ಮೂಡುತ್ತವೆ. ಇದನ್ನು ಪಡಿಯಚ್ಚು ಎನ್ನುತ್ತೇವೆ. ಆದರೆ ಶತಮಾನಗಳ ಎಣ್ಣೆ, ಸುಣ್ಣ, ಜನರ ಕೈಸ್ಪರ್ಶಗಳಿಂದ ಸವೆದ ಕಲ್ಲಿನಲ್ಲಿ ಪಡಿಯಚ್ಚೂ ಸೋಲುತ್ತದೆ. ಆಗ ಉಳಿಯುವ ದಾರಿ ಓರೆಬೆಳಕು. ದೀಪವನ್ನು ಕಲ್ಲಿಗೆ ಎದುರಾಗಿ ಹಿಡಿಯದೆ ಪಕ್ಕದಿಂದ, ಕಲ್ಲಿನ ಮೈಗೆ ಒರಗಿಸಿದಂತೆ ಹಿಡಿದರೆ ಸವೆದ ಗೆರೆಯೂ ಎಳೆಯಷ್ಟು ನೆರಳು ಚೆಲ್ಲುತ್ತದೆ. ಇಲ್ಲವೆಂದುಕೊಂಡಿದ್ದ ಅಕ್ಷರ ಆ ನೆರಳಿನಲ್ಲಿ ಮೇಲೆದ್ದು ಬರುವ ಗಳಿಗೆಯ ಸಂತೋಷವನ್ನು ನಾನು ಬೇರೆ ಯಾವ ಕೆಲಸದಲ್ಲೂ ಕಂಡಿಲ್ಲ.

ಬಯಲಿನ ಕಲ್ಲಿಗೆ ಮುಂಜಾನೆ, ಸಂಜೆಯ ಸೂರ್ಯನೇ ಓರೆಬೆಳಕು ಕೊಡುತ್ತಾನೆ. ಗುಡಿಯ ಒಳಮಂಟಪದ ಕತ್ತಲೆಗೆ ದೀಪ ಬೇಕು. ಹಳ್ಳಿಗಳ ಕರೆಂಟಿನ ಮೇಲೆ ಹಂಚಿನಾಳ ಸರ್ ಅವರಿಗೆ ನಂಬಿಕೆಯಿರಲಿಲ್ಲ. ಎಣ್ಣೆಯ ತಗಡಿನ ಡಬ್ಬಿಯನ್ನು ಉದ್ದಕ್ಕೆ ಸೀಳಿ, ಅದರೊಳಗೆ ಗಾಡಿಯ ಹೆಡ್‌ಲೈಟ್ ಬಲ್ಬು ಕೂರಿಸಿ ಅವರೇ ಒಂದು ದೀಪ ಮಾಡಿಕೊಂಡಿದ್ದರು. ಅದಕ್ಕೆ ಬೇಕಾದ್ದು ಕಾರಿನ ಬ್ಯಾಟರಿ. ಕಾರಿನಿಂದ ಗುಡಿಯೊಳಗಿನವರೆಗೆ ತಂತಿ ಎಳೆದರೆ ಬೆಳಕು ಮಂಕಾಗುತ್ತಿತ್ತು. ಆದ್ದರಿಂದ ಬ್ಯಾಟರಿಯನ್ನೇ ಬಿಚ್ಚಿ ಒಳಗೆ ಹೊತ್ತೊಯ್ಯುವುದು ಅವರ ಕ್ರಮ. ಬ್ಯಾಟರಿಯ ಬಲವೆಲ್ಲ ದೀಪಕ್ಕೆ ಹೋದ ಮೇಲೆ ಕಾರು ಮತ್ತೆ ಚಾಲೂ ಆಗುವುದಿಲ್ಲವಲ್ಲ, ಅದಕ್ಕಾಗಿ ಎಂಜಿನ್ನನ್ನು ಆರಿಸುತ್ತಿರಲಿಲ್ಲ. ಗುಡಿಯ ಮುಂದೆ ಕಾರು ಗುರುಗುಟ್ಟುತ್ತ ನಿಂತಿರುತ್ತಿತ್ತು. ಮಕ್ತುಂಸಾಬರು ನಡೆಯುತ್ತಿದ್ದ ಎಂಜಿನ್ನಿನಿಂದಲೇ ಬ್ಯಾಟರಿ ಬಿಚ್ಚಿ ಹೆಗಲ ಮೇಲಿಟ್ಟುಕೊಂಡು ಒಳಗೆ ಬರುತ್ತಿದ್ದರು. ಓದು ಮುಗಿದ ಮೇಲೆ ಮತ್ತೆ ಜೋಡಿಸುತ್ತಿದ್ದರು. ಹಂಚಿನಾಳ ಸರ್ ತರುಣರಾಗಿದ್ದಾಗ ಸಂಸ್ಥೆಯಲ್ಲಿದ್ದ ಹಳೆಯ ಜೀಪಿನ ಕಾಲದಿಂದ ಇದೇ ಪದ್ಧತಿ. ಎಂದೂ ತೊಂದರೆಯಾಗಿರಲಿಲ್ಲ.

“ನಿಮ್ಮ ದೇವರಿಗೆ ನಾ ಹೊತ್ತಷ್ಟ ಬ್ಯಾಟರಿ ಪೂಜಾರಿ ನೀರಿನ ಕೊಡಾ ಹೊತ್ತಿಲ್ರಿ,” ಎಂದು ಮಕ್ತುಂಸಾಬರು ನಗುತ್ತಿದ್ದರು.

ಅಲ್ಟರ್ನೇಟರ್ ಎಂದರೆ, ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬುವ ಸಾಧನ. ಹಳೆಯ ಗಾಡಿಗಳಲ್ಲಿ ಆ ಕೆಲಸ ಮಾಡುತ್ತಿದ್ದುದು ಡೈನಮೊ. ಬೈಲಹೊಂಗಲದ ಮಿಸ್ತ್ರಿಗಳ ಬಾಯಲ್ಲಿ ಎರಡೂ ಡೈನಮೊಗಳೇ. ನಮ್ಮ ಕಾರಿನದು ಮೊದಲ ಸಲ ಕೆಟ್ಟದ್ದು ಪುಷ್ಯಮಾಸದ ಬನದ ಹುಣ್ಣಿಮೆಯ ಸುಮಾರಿಗೆ. ಸವದತ್ತಿಯ ದಾರಿಯಲ್ಲಿ ಜಾತ್ರೆಗೆಂದು ದೇವಿಯ ಗುಡ್ಡಕ್ಕೆ ಹೊರಟ ಚಕ್ಕಡಿಗಳ ಸಾಲಿನ ಹಿಂದೆ ನಾವು ಮೆಲ್ಲಗೆ ಸಾಗುತ್ತಿದ್ದುದು ನನಗೂ ನೆನಪಿದೆ, ಮಕ್ತುಂಸಾಬರಿಗೂ ನೆನಪಿದೆ. ಆದ್ದರಿಂದ ಇದನ್ನು ಖಚಿತವೆಂದು ಹೇಳಬಲ್ಲೆ. ಎದುರಿನ ಫಲಕದಲ್ಲಿ ಕೆಂಪು ದೀಪ ಹತ್ತಿತು.

“ಚಾರ್ಜಿಂಗ್ ಬಿಟ್ಟೈತ್ರಿ ಸರ,” ಎಂದರು ಮಕ್ತುಂಸಾಬರು. “ಡೀಸಲ್ ಗಾಡಿ, ಓಡೂದು ಓಡತೈತಿ. ಆದ್ರ ಬಂದ್ ಮಾಡಿದ್ರ ಮುಗೀತು. ಊರ ಮುಟ್ಟೂತನಾ ಯಾರೂ ಚಾದ ಹೆಸರ ಎತ್ತಬ್ಯಾಡ್ರಿ.”

ಬೈಲಹೊಂಗಲದಲ್ಲಿ ಗಾಡಿಗಳ ವೈರಿಂಗ್ ಕೆಲಸಕ್ಕೆ ಈರಣ್ಣ ಮಿಸ್ತ್ರಿಯ ಅಂಗಡಿ. ಅಂಗಡಿಯ ಮುಂದೊಂದು ಕಲ್ಲಿನ ಕಟ್ಟೆ. ಅಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಚಾಲಕರು, ಟೆಂಪೊದವರು, ಕೆಲಸವಿದ್ದವರು, ಇಲ್ಲದವರು ಸದಾ ಕೂತಿರುತ್ತಿದ್ದರು. ಈರಣ್ಣ ಅಲ್ಟರ್ನೇಟರ್ ಬಿಚ್ಚಿ, ಕರೆಂಟನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಒಳಗಿನ ಡಯೋಡುಗಳ ತಟ್ಟೆ ಸುಟ್ಟಿದೆಯೆಂದು ತೋರಿಸಿ, ಬೇರೆ ತಟ್ಟೆ ಹಾಕಿ ಕೊಟ್ಟ. ಕೆಲವು ವಾರಗಳಲ್ಲಿ ಅದೂ ಸುಟ್ಟಿತು. ಸ್ಥಳೀಯ ರಿಪೇರಿ ಮಾಡಿಸಿದ್ದೇ ತಪ್ಪೆಂದು ಧಾರವಾಡದ ಕಚೇರಿ ಆಕ್ಷೇಪಿಸಿತು. ಕಂಪನಿಯ ಅಸಲಿ ಅಲ್ಟರ್ನೇಟರನ್ನೇ ಬೆಳಗಾವಿಯಿಂದ ತರಿಸಬೇಕೆಂದು ಆದೇಶವಾಯಿತು. ಅದರ ಬೆಲೆ ಕೇಳಿ ಕಟ್ಟೆಯ ಮೇಲಿದ್ದವರೊಬ್ಬರು, “ಅಷ್ಟ ಕೊಟ್ರ ನಮ್ಮ ಊರಾಗ ಒಂದ ಎಮ್ಮಿ ಬರತೈತಿ, ಹಾಲೂ ಕೊಡತೈತಿ,” ಎಂದಿದ್ದರು.

ಎಮ್ಮೆಯಷ್ಟು ಬೆಲೆಯ ಆ ಹೊಸ ಅಲ್ಟರ್ನೇಟರ್ ಕೂಡ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಯ ಕಬ್ಬಿನ ಹಂಗಾಮು ಮುಗಿಯುವುದರೊಳಗೆ ಸತ್ತಿತು. ನಾವು ಕಿತ್ತೂರು ಕಡೆಯ ಹಳ್ಳಿಯೊಂದಕ್ಕೆ ಹೊರಟಿದ್ದೆವು. ಎದುರಿನಿಂದ ಕಬ್ಬು ಇಳಿಸಿದ ಖಾಲಿ ಟ್ರೇಲರುಗಳು ಗಡಗಡ ಸದ್ದು ಮಾಡುತ್ತ ಬರುತ್ತಿದ್ದವು. ಕೆಂಪು ದೀಪ ಹತ್ತಿದಾಗ ಮಕ್ತುಂಸಾಬರು ಕಾರನ್ನು ಹಿಂದಿರುಗಿಸಿದರು.

ಅಸಲಿ ಭಾಗ ಇಷ್ಟು ಬೇಗ ಕೆಡಲಾರದು, ಕೆಟ್ಟಿದೆಯೆಂದರೆ ಅದು ಅಸಲಿಯಲ್ಲ, ಎಂಬುದು ಕಚೇರಿಯ ತರ್ಕ. ಹೊಸದನ್ನು ಚಾಲಕ ಮಾರಿಕೊಂಡು ಹಳೆಯದನ್ನು ಕೂರಿಸಿದ್ದಾನೆಂದು ಅವರು ತೀರ್ಮಾನಿಸಿದರು. ವಾಹನಗಳ ಉಸ್ತುವಾರಿಯಿದ್ದ ಅಧಿಕಾರಿಯೊಬ್ಬರು ಧಾರವಾಡದಿಂದ ಬಂದವರು ನಮ್ಮ ಕೋಣೆಗೆ ಬಾರದೆ ನೇರವಾಗಿ ಈರಣ್ಣನ ಅಂಗಡಿಗೆ ಹೋದರು. ಮಕ್ತುಂಸಾಬರನ್ನು ಅಲ್ಲಿಗೇ ಕರೆಸಿ, ಕಟ್ಟೆಯ ಮೇಲೆ ಕೂತಿದ್ದವರೆಲ್ಲರ ಮುಂದೆ ಕೇಳಿದರು.

“ಹೊಸಾ ಡೈನಮೊ ಎಲ್ಲಿ ಮಾರಿದಿ?”

ಈರಣ್ಣ ಸುಟ್ಟ ಅಲ್ಟರ್ನೇಟರನ್ನು ತಂದು, ಮೇಲಿದ್ದ ಕಂಪನಿಯ ಮುದ್ರೆಯನ್ನು ತೋರಿಸಿದ. ಅಧಿಕಾರಿಗಳು ಒಪ್ಪಲಿಲ್ಲ. ಮೇಲಿನ ಕವಚ ಹೊಸದಿರಬಹುದು, ಒಳಗಿನ ಸಾಮಾನು ಹಳೆಯದಿರಬಹುದು ಎಂದರು. ಇನ್ನೊಂದು ಹೊಸ ಅಲ್ಟರ್ನೇಟರ್ ಕೊಡುತ್ತೇವೆ, ಅದೂ ಕೆಟ್ಟರೆ ಕಾರು ಧಾರವಾಡಕ್ಕೆ, ಚಾಲಕ ಮನೆಗೆ ಎಂದು ಹೇಳಿ ಅವರು ಹೋದರು.

ಹಂಚಿನಾಳ ಸರ್ ಈ ಸುದ್ದಿ ಕೇಳಿ ಕಚೇರಿಗೆ ಖಾರವಾದ ಪತ್ರವೊಂದನ್ನು ಬರೆದರು. ಮಕ್ತುಂಸಾಬರು ಪ್ರಾಮಾಣಿಕರೆಂದು ಅದರಲ್ಲಿತ್ತು. ಅಲ್ಟರ್ನೇಟರ್ ಯಾಕೆ ಸುಡುತ್ತಿದೆಯೆಂಬುದು ಅದರಲ್ಲಿರಲಿಲ್ಲ. ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆ ಹೊಸ ಅಲ್ಟರ್ನೇಟರಿನೊಂದಿಗೆ ನಾವು ರಾಮದುರ್ಗದ ಕಡೆ ಹೋದೆವು. ತೊರಗಲ್ಲಿನಲ್ಲಿ, ಕೋಟೆಯ ಸುತ್ತಮುತ್ತ, ಬಯಲಿನ ಕಲ್ಲುಗಳ ನಡುವೆ ಬಹಳ ದಿನ ಕೆಲಸ ಸಾಗಿತು. ನನ್ನ ವೃತ್ತಿಜೀವನದ ಅತ್ಯಂತ ಸುಖದ ದಿನಗಳಲ್ಲಿ ಅವೂ ಸೇರಿವೆ. ಬೆಳಕು ಹರಿಯುವ ಹೊತ್ತಿಗೆ ಕಲ್ಲಿನ ಮುಂದಿರಬೇಕು. ಎಳೆಬಿಸಿಲು ಓರೆಯಾಗಿ ಬೀಳುವಷ್ಟು ಹೊತ್ತು ಓದಬೇಕು. ಬಿಸಿಲು ಏರಿ ಅಕ್ಷರಗಳು ಮುಳುಗಿದ ಮೇಲೆ ಕೋಟೆಯ ಗೋಡೆಯ ನೆರಳಿಗೆ ಸರಿದು ರೊಟ್ಟಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ, ಮೊಸರು ತಿನ್ನಬೇಕು. ಮಕ್ತುಂಸಾಬರ ಮನೆಯ ಬುತ್ತಿ ಬಿಚ್ಚಿದ ದಿನ ಹಂಚಿನಾಳ ಸರ್ ಕೂಡ ಶಾಸನದ ಮಾತು ಬಿಡುತ್ತಿದ್ದರು. ಆದರೆ ಆ ದಿನಗಳಲ್ಲಿ ಮಕ್ತುಂಸಾಬರು ಊಟಕ್ಕೆ ಕೂತಲ್ಲಿಂದಲೇ ಕಾರನ್ನು ನೋಡುತ್ತಿದ್ದರು. ಕಾರು ಹೊರಡುವಾಗಲೆಲ್ಲ ಅವರ ಕಣ್ಣು ರಸ್ತೆಗಿಂತ ಮೊದಲು ಕೆಂಪು ದೀಪದ ಕಡೆಗೆ ಹೋಗುತ್ತಿತ್ತು. ದೀಪ ಹತ್ತಲಿಲ್ಲ. ತೊರಗಲ್ಲಿನ ಕೆಲಸ ಮುಗಿಯುವವರೆಗೂ ಹತ್ತಲಿಲ್ಲ.

ಬೈಲಹೊಂಗಲಕ್ಕೆ ಮರಳುವ ದಾರಿಯಲ್ಲಿ ನನಗೆ ಆ ವಿಷಯ ಕೊರೆಯತೊಡಗಿತು. ಕಾಲ ನಮೂದಿಸದ ಶಾಸನದ ಕಾಲವನ್ನು ನಾವು ಅದರ ನೆರೆಯಲ್ಲಿ ಏನೇನಿದೆಯೆಂಬುದರಿಂದ ಹೇಳುತ್ತೇವೆ. ಅದೇ ಕ್ರಮದಲ್ಲಿ, ಪ್ರತಿ ಸಲ ಅಲ್ಟರ್ನೇಟರ್ ಕೆಡುವ ಮುನ್ನ ನಾವು ಎಲ್ಲಿದ್ದೆವೆಂದು ಮಕ್ತುಂಸಾಬರನ್ನು ಕೇಳಿದೆ. ನಾನೊಂದು ಹೇಳಿದರೆ ಅವರೊಂದು ಹೇಳಿ, ಜಗಳಾಡುತ್ತ, ಒಂದೊಂದನ್ನೇ ಕೂಡಿಸಿದೆವು. ಮೊದಲ ಸಲಕ್ಕೆ ಮುಂಚಿನ ದಿನ ಸವದತ್ತಿ ತಾಲ್ಲೂಕಿನ ಒಂದು ಕತ್ತಲೆ ಗುಡಿ. ಎರಡನೆಯ ಸಲಕ್ಕೆ ಮುಂಚೆ ಸಂಗೊಳ್ಳಿಯ ಆಚೆ ಮತ್ತೊಂದು ಗುಡಿ. ಮೂರನೆಯ ಸಲಕ್ಕೆ ಮುಂಚೆ ಸತತವಾಗಿ ಒಳಮಂಟಪಗಳ ಕೆಲಸ. ತೊರಗಲ್ಲಿನಲ್ಲಿ ಎಲ್ಲವೂ ಬಯಲು.

“ಅಂದ್ರ ಗುಡಿ ದೇವರ ಸಿಟ್ಟಂತೀರೇನ್ರಿ?” ಎಂದರು ಮಕ್ತುಂಸಾಬರು. “ಹಂಗಿದ್ರ ನಾ ಹೆಂಗ ಸಮಾಧಾನ ಮಾಡ್ಲಿ? ನನ್ನ ಮಾತ ಕೇಳೂದಿಲ್ಲ ಅವು.”

ದೇವರ ಮಾತು ಬಿಟ್ಟರೆ ಉಳಿದದ್ದು ದೀಪ. ಆದರೆ ದೀಪ ಉರಿಯುತ್ತಿದ್ದುದು ಗುಡಿಯೊಳಗೆ, ಬ್ಯಾಟರಿಯಿಂದ. ಅಲ್ಟರ್ನೇಟರ್ ಇದ್ದದ್ದು ಹೊರಗೆ, ಕಾರಿನಲ್ಲಿ. ಎರಡಕ್ಕೂ ಸಂಬಂಧ ಕಾಣದೆ ನನ್ನ ತರ್ಕ ಅಲ್ಲಿಗೇ ನಿಂತಿತು.

ಉತ್ತರ ಸಿಕ್ಕಿದ್ದು ಈರಣ್ಣನ ಅಂಗಡಿಯಲ್ಲಿ, ಯಾರೂ ಹುಡುಕದಿದ್ದಾಗ. ಉಗಾದಿ ಆಗಿತ್ತೆಂದು ಮಕ್ತುಂಸಾಬರು ಹೇಳುತ್ತಾರೆ. ಆಗಿರಲಿಲ್ಲವೆಂದು ನನ್ನ ನೆನಪು. ಇದು ಕೂಡಲಿಲ್ಲ. ಮತ್ತೆ ಗುಡಿಗಳ ಕೆಲಸ ಆರಂಭವಾಗಿ ಒಂದೆರಡು ದಿನ ದೀಪ ಹಚ್ಚಿದ್ದರಿಂದ ಬ್ಯಾಟರಿ ಇಳಿದಿತ್ತು. ಒಂದು ಹೆಡ್‌ಲೈಟಿನ ಹಿಡಿಕೆ ಸಡಿಲವಾಗಿತ್ತೆಂದು ಕಾರನ್ನು ಅಂಗಡಿಗೆ ಒಯ್ದೆವು. ಈರಣ್ಣ ಹಿಡಿಕೆ ಬಿಗಿಮಾಡಿ, ಆ ಒಂದು ದೀಪವನ್ನಷ್ಟೇ ಹಚ್ಚಿ ನೋಡಿ, ತೃಪ್ತನಾಗಿ ಮಕ್ತುಂಸಾಬರ ಮುಖ ನೋಡಿದ. ಅಲ್ಲಿದ್ದ ಚಿಂತೆ ಅವನಿಗೂ ಗೊತ್ತಿತ್ತು. ಅಧಿಕಾರಿಗಳ ಮಾತಿನಿಂದ ಅವನ ಅಂಗಡಿಗೂ ಕಳಂಕ ತಟ್ಟಿತ್ತು.

“ಡೈನಮೊ ಗಟ್ಟಿ ಐತಿ ಮಾಮಾ, ಹೆದರಬ್ಯಾಡ. ನೋಡ, ಬ್ಯಾಟರಿ ತಂತಿ ಬಿಚ್ಚತೇನಿ. ಗಾಡಿ ನಿಂತರ ಡೈನಮೊ ಕೆಟ್ಟೈತಿ, ನಿಲ್ಲಲಿಲ್ಲಂದ್ರ ಚಲೋ ಐತಿ.”

ಡೈನಮೊ ಕಾಲದ ಈ ಪರೀಕ್ಷೆಯನ್ನು ಆ ಸೀಮೆಯ ಮಿಸ್ತ್ರಿಗಳೆಲ್ಲ ಮಾಡುತ್ತಿದ್ದರು. ಮಕ್ತುಂಸಾಬರು ಎಂಜಿನ್ ಏರಿಸಿದರು. ಈರಣ್ಣ ತಂತಿ ಕಿತ್ತ. ಎಂಜಿನ್ ನಿಲ್ಲಲಿಲ್ಲ. ಆದರೆ ಆರಿಸಲು ಮರೆತಿದ್ದ ಹೆಡ್‌ಲೈಟು ಮಟಮಟ ಮಧ್ಯಾಹ್ನದಲ್ಲೂ ಕಣ್ಣು ಕುಕ್ಕುವಂತೆ ಒಮ್ಮೆ ಬೆಳ್ಳಗೆ ಉರಿದು ಆರಿಹೋಯಿತು.

“ಬಲ್ಬ್ ಹಳೇದಿತ್ತ ಬಿಡ್ರಿ,” ಎಂದ ಈರಣ್ಣ.

“ಹೊಸಾದ ಹಾಕ್ರಿ,” ಎಂದೆ ನಾನು. “ಮತ್ತೊಮ್ಮೆ ಬಿಚ್ಚ್ರಿ.”

“ಅದೂ ಹ್ವಾದ್ರ?”

“ಹ್ವಾದ್ರ ಹೋಗ್ಲಿ. ಒಂದ ಸಾಕ್ಷಿ ಸಾಲೂದಿಲ್ಲ.”

ಈರಣ್ಣ ಕಟ್ಟೆಯ ಕಡೆ ನೋಡಿ ಹುಬ್ಬೇರಿಸಿದ. ಓದಿದವರ ಹುಚ್ಚಿನ ಬಗ್ಗೆ ಕಟ್ಟೆಗೆ ಮೊದಲೇ ಖಚಿತ ಅಭಿಪ್ರಾಯವಿತ್ತು. ಹೊಸ ಬಲ್ಬು ಕೂರಿತು. ತಂತಿ ಕಿತ್ತೊಡನೆ ಅದೂ ಹಾಗೆಯೇ ಬೆಳ್ಳಗೆ ಉರಿದು ಹೋಯಿತು.

ಅಲ್ಟರ್ನೇಟರ್ ಹುಟ್ಟಿಸುವ ಕರೆಂಟನ್ನು ತೆಗೆದುಕೊಳ್ಳುತ್ತಿದ್ದುದು ಬ್ಯಾಟರಿ. ಅದನ್ನು ಹಠಾತ್ತನೆ ಕಿತ್ತಾಗ ಆ ಕರೆಂಟು ಹೋಗಲು ಜಾಗವಿಲ್ಲದೆ ಉಕ್ಕಿ, ಎದುರು ಸಿಕ್ಕಿದ್ದನ್ನು ಸುಡುತ್ತಿತ್ತು. ಇಂದು ಬಲ್ಬು ಎದುರಿಗಿತ್ತು. ಗುಡಿಯ ಮುಂದೆ ಹಗಲಿನಲ್ಲಿ ಹೆಡ್‌ಲೈಟು ಹಚ್ಚಿರುವುದಿಲ್ಲ. ಅಲ್ಲಿ ಎದುರಿಗಿದ್ದದ್ದು ಅಲ್ಟರ್ನೇಟರಿನದೇ ಡಯೋಡುಗಳು; ಪ್ರತಿ ಸಲವೂ ಪೆಟ್ಟು ತಿಂದು ತಿಂದು ಒಂದು ದಿನ ಅವು ಸುಟ್ಟುಹೋಗುತ್ತಿದ್ದವು. ಹಳೆಯ ಜೀಪಿನ ಡೈನಮೊದೊಳಗೆ ಡಯೋಡುಗಳೇ ಇರಲಿಲ್ಲ. ಹೀಗೆ ಒಂದು ಕಾಲದಲ್ಲಿ ನಿರಪಾಯವಾಗಿದ್ದ ಪದ್ಧತಿ, ಕಾಲ ಬದಲಾದದ್ದನ್ನು ಗಮನಿಸದೆ ಮುಂದುವರಿದಿತ್ತು.

“ಸರ,” ಎಂದರು ಮಕ್ತುಂಸಾಬರು ಸೀಟಿನಲ್ಲಿ ಕೂತಲ್ಲಿಂದಲೇ. “ಗುಡಿ ಗುಡಿ ಮುಂದ ನಾವು ಇದನ್ನ ಮಾಡತಿದ್ದಿವಲ್ರಿ.”

“ಹೌದ್ರಿ ಮಕ್ತುಂಸಾಬ್ರ. ಇದನ್ನ.”

ಅವರು ಎದುರಿನ ಫಲಕವನ್ನು ನೋಡಿದರು. ಬ್ಯಾಟರಿ ಮತ್ತೆ ಜೋಡಿಸಿದ್ದರೂ ಕೆಂಪು ದೀಪ ಆರಿರಲಿಲ್ಲ. ನಮ್ಮ ಪುರಾವೆಯು ಕೊನೆಯ ಅಲ್ಟರ್ನೇಟರನ್ನೂ ಬಲಿ ತೆಗೆದುಕೊಂಡಿತ್ತು.

“ಕಳವು ಮಾಡಿಲ್ಲಂತ ಗೊತ್ತಾತು,” ಎಂದರು. “ನೌಕರಿ ಹೋತು. ಎರಡೂ ಒಂದ ದಿನ.”

ಹಂಚಿನಾಳ ಸರ್ ಅವರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರು ಕೋಣೆಯಲ್ಲಿ ಪಡಿಯಚ್ಚೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಕಾಗದದಿಂದ ಕಣ್ಣೆತ್ತಲಿಲ್ಲ.

“ಇಷ್ಟ ವರ್ಷ ಮಾಡೇನಿ. ಏನೂ ಆಗಿಲ್ಲ.”

“ಆಗಿನ ಗಾಡಿ ಬ್ಯಾರೆ ಇತ್ತು ಸರ.”

“ಎಷ್ಟ ಬಲ್ಬ್ ಹೋದುವು?”

“ಎರಡು.”

ಅವರು ಪಡಿಯಚ್ಚನ್ನು ಸುರುಳಿ ಸುತ್ತಿ ಕೆಳಗಿಟ್ಟರು. “ಎರಡಾದ್ರ ಒಪ್ಪಬೇಕಾತು,” ಎಂದರು.

ಮರುದಿನವೇ ಬಸ್ಸಿನಲ್ಲಿ ಧಾರವಾಡಕ್ಕೆ ಹೋದರು. ಅಲ್ಟರ್ನೇಟರುಗಳು ಸುಟ್ಟದ್ದು ತಾವು ಹೇಳಿ ಮಾಡಿಸಿದ ಕ್ರಮದಿಂದ, ಚಾಲಕನದೇನೂ ತಪ್ಪಿಲ್ಲವೆಂದು ಬರೆದುಕೊಟ್ಟು, ನಿರ್ದೇಶಕರ ಮುಂದೆ ಬಾಯಿಂದಲೂ ಹೇಳಿ ಬಂದರು. ಮಕ್ತುಂಸಾಬರ ನೌಕರಿ ಉಳಿಯಿತು. ಕಾರಿಗೆ ಮತ್ತೊಂದು ಅಲ್ಟರ್ನೇಟರ್ ಬಂತು. ದೀಪಕ್ಕೆಂದೇ ಬೇರೊಂದು ಬ್ಯಾಟರಿಯನ್ನು ಹಂಚಿನಾಳ ಸರ್ ತಾವೇ ಕೊಂಡರು. ನಮ್ಮ ಮಟ್ಟಿಗೆ ವಿಷಯ ಮುಗಿದಿತ್ತು.

ಮಕ್ತುಂಸಾಬರು ಮಾತ್ರ ಮೊದಲಿನಂತಾಗಲಿಲ್ಲ. ಪೂಜಾರಿಯ ಹೆಸರು ಹೇಳಿ ಮಾಡುತ್ತಿದ್ದ ನಗೆಚಾಟಿಕೆ ನಿಂತಿತು. ಡೀಸೆಲ್ ತುಂಬಿಸಲು ಈರಣ್ಣನ ಅಂಗಡಿಯ ಮುಂದಿನ ಹತ್ತಿರದ ದಾರಿ ಬಿಟ್ಟು ಸುತ್ತುಹಾಕಿ ಹೋಗತೊಡಗಿದರು. ಒಂದು ದಿನ ಕಾರು ಒರೆಸುತ್ತ, ತಮಗೆ ಈ ನೌಕರಿ ಸಾಕೆಂದರು.

“ಎಲ್ಲಾ ಸರಿಯಾತಲ್ರಿ,” ಎಂದೆ.

“ಕಾಗದ ಧಾರವಾಡದಾಗ ಸರಿಯಾಗೇತ್ರಿ ಸರ. ಅದನ್ನ ಇಲ್ಲಿ ಯಾರ ಓದ್ಯಾರ? ನನ್ನ ಕಳ್ಳ ಅಂದದ್ದು ಕಟ್ಟಿ ಮ್ಯಾಲ. ನನ್ನ ಮಗಳನ್ನ ಕೊಡಬೇಕಂತ ಮಾತಾಡಿದ ಮನಿ ಅದ ಓಣ್ಯಾಗ ಐತಿ. ಅವರು ಬಾಯಿ ಬಿಟ್ಟ ಕೇಳವಲ್ಲರು, ಬರೂದನ್ನೂ ಬಿಟ್ಟಾರ. ನಾ ಹೋಗಿ ನಾನ ಕಳ್ಳ ಅಲ್ಲಂದ್ರ ಯಾರ ನಂಬತಾರ್ರಿ? ಕಳ್ಳನೂ ಹಂಗ ಅಂತಾನ.”

ಅಂದು ಸಂಜೆ ಊಟಕ್ಕೆ ಮುಂಚೆ ಈ ಮಾತನ್ನು ಹಂಚಿನಾಳ ಸರ್ ಅವರಿಗೆ ತಿಳಿಸಿದೆ. ಅವರು ಸಿಡುಕಿದರು. ನಿರ್ದೇಶಕರಿಗೇ ಹೇಳಿಯಾಯಿತು, ಇನ್ನೇನು ಮಾಡಬೇಕೆಂದರು.

ನನಗೆ ಅದುವರೆಗೂ ಅವರೆದುರು ಎದುರಾಡಿ ಗೊತ್ತಿರಲಿಲ್ಲ. “ತಪ್ಪು ಅಚ್ಚಾದದ್ದು ಕಟ್ಟಿ ಮ್ಯಾಲ ಸರ,” ಎಂದಷ್ಟೇ ಹೇಳಿದೆ.

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಊಟಕ್ಕೂ ಕಾಯದೆ ತಮ್ಮ ಕೋಣೆಗೆ ಹೋದರು.

ಮರುದಿನ ಕೆಲಸದಿಂದ ಮರಳುವಾಗ, ಊರು ಹೊಕ್ಕೊಡನೆ, ಈರಣ್ಣನ ಅಂಗಡಿಯ ಕಡೆ ಬಿಡಲು ಹೇಳಿದರು. ಮಕ್ತುಂಸಾಬರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಕಟ್ಟೆ ಎಂದಿನಂತೆ ತುಂಬಿತ್ತು. ಹಂಚಿನಾಳ ಸರ್ ಇಳಿದು, ಧೂಳು ಒರೆಸದೆ, ಅದರ ಮೇಲೆ ಕೂತರು. ಪಕ್ಕದವರು ಗಾಬರಿಯಿಂದ ಸರಿದು ಜಾಗ ಮಾಡಿಕೊಟ್ಟರು.

“ಕುಂದರ್ರಿ, ಕುಂದರ್ರಿ. ನಾನ ನಿಮ್ಮ ಕಡೆ ಬಂದೇನಿ,” ಎಂದರು. ತಮ್ಮ ತಗಡಿನ ದೀಪವನ್ನು ತರಿಸಿದರು. ಅದು ಯಾಕೆ, ಓರೆಬೆಳಕು ಎಂದರೇನು, ಸವೆದ ಅಕ್ಷರ ಹೇಗೆ ಕಾಣುತ್ತದೆ, ಬ್ಯಾಟರಿಯನ್ನು ಹೇಗೆ ಬಿಚ್ಚಿಸುತ್ತಿದ್ದರು, ಎಲ್ಲವನ್ನೂ ಎಂ.ಎ. ತರಗತಿಗೆ ವಿವರಿಸುವ ಅದೇ ಧ್ವನಿಯಲ್ಲಿ, ಒಂದು ಹಂತವನ್ನೂ ಬಿಡದೆ ಹೇಳಿದರು. ಟ್ರ್ಯಾಕ್ಟರ್ ಚಾಲಕರು ಬಾಯಿ ತೆರೆದು ಕೇಳಿದರು. ಕೊನೆಗೆ ಮಕ್ತುಂಸಾಬರ ಕಡೆ ಕೈಮಾಡಿ ಹೇಳಿದರು.

“ಈ ಮನಿಷ್ಯಾನ ಮ್ಯಾಲ ಇಲ್ಲೇ ಒಂದ ಮಾತ ಬಂದಿತ್ತು. ಅದು ಸುಳ್ಳು. ಇವ್ರು ಒಂದ ತಿರುಪೂ ಮಾರಿಲ್ಲ. ಮೂರ ಸಲ ಡೈನಮೊ ಸುಟ್ಟಾಂವ ನಾನು. ಇವ್ರು ನಾ ಹೇಳಿದ್ದ ಮಾಡ್ಯಾರ. ಇದನ್ನ ಕೇಳಿದಾವ್ರು ಕೇಳದಿದ್ದಾವ್ರಿಗೆ ಹೇಳಬೇಕು.”

ಆಮೇಲೆ ಹಿಂದೆ ಕೂತಿದ್ದವರೊಬ್ಬರು ಮೆಲ್ಲಗೆ ಕೇಳಿದರು.

“ಮತ್ತ ನಾಕನೇ ಸಲದ್ದು ಯಾರ ಸುಟ್ಟರ್ರಿ ಸರ?”

“ಅದು ಇವರಿಬ್ಬರ ಸಂಶೋಧನಾ,” ಎಂದು ಅವರು ನನ್ನನ್ನೂ ಈರಣ್ಣನನ್ನೂ ತೋರಿಸಿದರು.

ಕಟ್ಟೆ ನಕ್ಕಿತು. ಈರಣ್ಣ ಚಹಾ ಹೇಳಿದ. ಮಕ್ತುಂಸಾಬರು ಕಾರಿನ ಬಾಗಿಲಿಗೆ ಒರಗಿ ನಿಂತಿದ್ದರು. ಚಹಾ ಬಂದಾಗ ಮೊದಲ ಕಪ್ಪನ್ನು ಹಂಚಿನಾಳ ಸರ್ ಅವರಿಗೆ ಅವರೇ ಒಯ್ದು ಕೊಟ್ಟರು. ತಮ್ಮದನ್ನು ತೆಗೆದುಕೊಂಡು, ಬಹಳ ದಿನಗಳ ಮೇಲೆ, ಕಟ್ಟೆಯ ಮೇಲೆ ಕೂತರು.

ದೀಪದ ಬ್ಯಾಟರಿ ಕಾರಿನಲ್ಲಿ ಅಲುಗಾಡದೆ ಕೂರುವ ಜಾಗ ಮುಂದಿನ ಸೀಟಿನೆದುರು, ಕಾಲಿಡುವಲ್ಲಿ ಮಾತ್ರ ಇತ್ತು. ಹೀಗಾಗಿ ಯೋಜನೆ ಮುಗಿಯುವವರೆಗೂ ಹಂಚಿನಾಳ ಸರ್ ನನ್ನೊಡನೆ ಹಿಂದಿನ ಸೀಟಿನಲ್ಲಿ ಕೂತು ಓಡಾಡಿದರು. ಮಕ್ತುಂಸಾಬರ ನಗೆಚಾಟಿಕೆಗಳು ಮರಳಿ ಬಂದವು. ಮುಂದಿನ ಸೀಟಿಗೆ ಈಗ ಯಾರು ಸಾಹೇಬರೆಂದು ಅವರು ಬ್ಯಾಟರಿಯ ಕಡೆ ನೋಡಿ ಕೇಳಿದರೆ ಹಂಚಿನಾಳ ಸರ್ ಕೇಳಿಸದವರಂತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ನಾಲ್ಕು ಸೀಮೆಗಳ ಕತ್ತಲೆ ಗುಡಿಗಳನ್ನೆಲ್ಲ ಓದಿ ಮುಗಿಸಿದೆವು. ಮಕ್ತುಂಸಾಬರ ಮಗಳ ಮದುವೆ ಅದೇ ಓಣಿಯ ಅದೇ ಮನೆಗೆ ಆಯಿತು. ನಾವಿಬ್ಬರೂ ಹೋಗಿ ಬಿರಿಯಾನಿಯ ಪಕ್ಕದ ಪಂಕ್ತಿಯಲ್ಲಿ ನಮಗೆಂದೇ ಮಾಡಿಸಿದ್ದ ಗೋಧಿ ಹುಗ್ಗಿ ಉಂಡು ಬಂದೆವು.

ಈಗ ಹಂಚಿನಾಳ ಸರ್ ಇಲ್ಲ. ಇತ್ತೀಚೆಗೆ ಇಬ್ಬರು ತರುಣ ಸಂಶೋಧಕರೊಡನೆ ಸವದತ್ತಿಯ ಕಡೆ ಹೋಗಿದ್ದೆ. ಅಂಗೈಯಗಲದ ದೀಪ ಅವರ ಜೇಬಿನಲ್ಲಿತ್ತು. ಮೊಬೈಲಿನಲ್ಲಿ ಹತ್ತಾರು ಕೋನಗಳಿಂದ ಚಿತ್ರ ತೆಗೆದು, ನೆರಳನ್ನು ಕಂಪ್ಯೂಟರಿನಲ್ಲಿಯೇ ಬೇಕಾದ ಕಡೆಗೆ ತಿರುಗಿಸಿ ಓದುತ್ತಾರೆ. ಹೊರಗೆ ಅವರ ಕಾರು ಎಂಜಿನ್ ಆರಿಸಿಕೊಂಡು ಸದ್ದಿಲ್ಲದೆ ನಿಂತಿತ್ತು. ನನಗೆ ಆ ಗುರುಗುಟ್ಟು ಇಲ್ಲದ ಗುಡಿಯಲ್ಲಿ ಏನೋ ಕಡಿಮೆಯಾದಂತೆ ಅನ್ನಿಸಿತು. ಅವರ ಕ್ರಮ ನಮ್ಮದಕ್ಕಿಂತ ಉತ್ತಮ, ಅದರಲ್ಲಿ ಸಂಶಯವಿಲ್ಲ. ಯಾವ ಹೊಸ ಸಾಧನ ಕೈಗೆ ಬಂದರೂ, ಅದರ ಮೇಲೆ ಹಳೆಯ ಅಭ್ಯಾಸವನ್ನು ಹೇರುವ ಮುನ್ನ ಒಮ್ಮೆ ನಿಂತು ನೋಡಿ ಎಂದು ಮಾತ್ರ ಅವರಿಗೆ ಹೇಳಿದೆ.

ಇದನ್ನು ಬರೆಯುವ ಮುನ್ನ ಪ್ರತಿ ಋತುವನ್ನೂ ಪ್ರತಿ ಊರನ್ನೂ ತಾಳೆ ನೋಡಲು ಮಕ್ತುಂಸಾಬರಿಗೆ ಫೋನು ಮಾಡಿದ್ದೆ. ಉಗಾದಿಯ ವಿಷಯದಲ್ಲಿ ಈ ಸಲವೂ ಒಮ್ಮತವಾಗಲಿಲ್ಲ. ಕೊನೆಯಲ್ಲಿ, ಹಂಚಿನಾಳ ಸರ್ ಮಾತಾಡಿದ ಆ ಸಂಜೆ ಕಟ್ಟೆಯ ಮೇಲೆ ಎಷ್ಟು ಮಂದಿ ಇದ್ದರೆಂದು ಕೇಳಿದೆ. ನನ್ನ ನೆನಪಿನಂತೆ ಏಳೆಂಟು ಜನ. ಅದಕ್ಕಿಂತ ಹೆಚ್ಚು ಜನ ಆ ಕಟ್ಟೆಯ ಮೇಲೆ ಹಿಡಿಯುವುದಿಲ್ಲ.

“ಇಡೀ ಊರ ಇತ್ತಲ್ರಿ ಸರ,” ಎಂದರು ಮಕ್ತುಂಸಾಬರು.

ಈ ಒಂದು ವಿಷಯದಲ್ಲಿ ನನ್ನ ಸಾಕ್ಷ್ಯವನ್ನು ಕೈಬಿಟ್ಟು ಅವರದನ್ನೇ ದಾಖಲಿಸಿದ್ದೇನೆ.